ಕೇಳದೆ ಕೊಡುವ ಎಣ್ಣೆ

ಒಂಬತ್ತು ಜನ ಬಂದಿದ್ದರು. ಎರಡು ತಿಂಗಳ ಅವಧಿಯಲ್ಲಿ, ಒಬ್ಬೊಬ್ಬರಾಗಿ, ತಲೆಯ ಮೇಲೆ ಟವೆಲ್ಲು ಹೊದ್ದು, ಕೈಯಲ್ಲಿ ತೆಂಗಿನ ಅರ್ಧ ಚಿಪ್ಪು ಹಿಡಿದು. ಒಂಬತ್ತು ಸಲವೂ ಕೆಂಪಕ್ಕ ಒಂದು ಮಾತೂ ಆಡದೆ ಒಳಗೆ ಹೋಗಿ ಚಿಪ್ಪಿನ ತುಂಬ ಎಣ್ಣೆ ತಂದುಕೊಟ್ಟಿದ್ದಳು. ಆ ಒಂಬತ್ತು ದಿನವೂ ಅವಳ ಮನೆಯಲ್ಲಿ ಒಲೆ ಹತ್ತಿರಲಿಲ್ಲ.

ನಮ್ಮೂರಿನಲ್ಲಿ, ಸುತ್ತಲಿನ ಏಳೂರಿನಲ್ಲಿ, ಯಾರೇ ಸತ್ತರೂ ಎತ್ತುವ ಮೊದಲು ಅಂಗಾಲಿಗೆ ಆ ಎಣ್ಣೆ ಸವರಬೇಕು. ಹೂಳುವವರೂ ಸವರುತ್ತಾರೆ, ಸುಡುವವರೂ ಸವರುತ್ತಾರೆ. ಲಿಂಗ ಕಟ್ಟಿದ ನಮ್ಮ ಮನೆಯವರಿಗೂ ಅದೇ ಎಣ್ಣೆ, ನಾಮ ಇಡುವವರಿಗೂ ಅದೇ. ಅದು ಇರುವುದು ಕೆಂಪಕ್ಕನ ಮನೆಯಲ್ಲಿ ಮಾತ್ರ. ತರಲು ಹೊರಟವನು ದಾರಿಯಲ್ಲಿ ಯಾರೊಂದಿಗೂ ಮಾತಾಡಬಾರದು. ಬಾಗಿಲಲ್ಲಿ ಬಂದು ನಿಂತರೆ ಸಾಕು. ಕೆಂಪಕ್ಕನೂ ಏನನ್ನೂ ಕೇಳಬಾರದು. ಯಾರು, ಯಾವೂರು, ಹೇಗಾಯಿತು, ಯಾವುದನ್ನೂ. ಕೊಟ್ಟ ದಿನ ಅವಳು ಅಡುಗೆ ಮಾಡುವಂತಿಲ್ಲ, ಉಣ್ಣುವಂತಿಲ್ಲ. ಎಣ್ಣೆಗೆ ಬೆಲೆಯೂ ಇಲ್ಲ. ಮಾಲಯ ಪಕ್ಷದಲ್ಲಿ ಪ್ರತಿ ಮನೆಯವರೂ ಅಟ್ಟದಿಂದ ಇಳಿಸಿದ ಮೊದಲ ಕೊಬ್ಬರಿಯಲ್ಲಿ ಎರಡು ಉಂಡೆ ಅವಳ ಜಗಲಿಯ ಮೇಲೆ ಇಟ್ಟು ಹೋಗುತ್ತಾರೆ. ಮುಂದಿನ ವರ್ಷದ ಎಣ್ಣೆಗೆ ಅದೇ ಮೂಲ.

ಮಾಡುವ ಬಗೆಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಬೆಟ್ಟದ ಬುಡದಲ್ಲಿ ಜಾಲದ ಮರಗಳಿವೆ. ತೊಗಟೆಯ ಮೇಲೆ ಒಸರಿ ಗಟ್ಟಿಯಾದ ಮಡ್ಡಿಯನ್ನು ಅವಳು ಉಗುರಿನಿಂದಲೇ ಕೀಳುತ್ತಾಳೆ, ಕತ್ತಿ ತಾಗಿಸುವುದಿಲ್ಲ. ಹಿತ್ತಿಲಲ್ಲಿ ಒಂದು ಗುಂಡಿ. ಅದರಲ್ಲಿ ಚಿಪ್ಪಿನ ಕೆಂಡ. ಕೆಂಡದ ಮೇಲೆ ಮಡ್ಡಿಯ ಪುಡಿ ಉದುರಿಸಿ, ಹೊಸ ಮಡಕೆಯೊಂದನ್ನು ಬೋರಲು ಹಾಕುತ್ತಾಳೆ. ಮಡಕೆಯ ತುಂಬ ಹೊಗೆ ತುಂಬಿಕೊಂಡಾಗ ತಟಕ್ಕನೆ ತಿರುಗಿಸಿ, ಗಾಣದಿಂದ ತಂದ ಕೊಬ್ಬರಿ ಎಣ್ಣೆಯನ್ನು ಸುರಿದು, ಬಾಯಿಗೆ ಒದ್ದೆ ಬಟ್ಟೆ ಕಟ್ಟಿ ಅಲ್ಲಾಡಿಸುತ್ತಾಳೆ. ಎಣ್ಣೆಗೆ ಹೊಗೆ ಕುಡಿಸುವುದು ಅಂತ ಅದಕ್ಕೆ ಹೆಸರು. ದಿನಕ್ಕೆ ಮೂರು ಸಲದಂತೆ ನಲವತ್ತೊಂದು ಸಲ ಕುಡಿಸಿ, ಮಡಕೆಯನ್ನು ಬೂದಿಯಲ್ಲಿ ಹೂತಿಟ್ಟರೆ ಮುಂದಿನ ವರ್ಷಕ್ಕೆ ಎಣ್ಣೆ. ಬಣ್ಣ ಹಳೆಯ ಬೆಲ್ಲದ ಹಾಗೆ. ವಾಸನೆಯನ್ನು ನನಗೆ ಹೇಳಲು ಬರುವುದಿಲ್ಲ. ಮೂಗಿಗೆ ಬಿದ್ದರೆ ನಮ್ಮ ಕಡೆಯ ಯಾರೇ ಆದರೂ ದನಿ ತಗ್ಗಿಸುತ್ತಾರೆ, ಅಷ್ಟೇ ಹೇಳಬಲ್ಲೆ.

ಹೇಳಲು ಬಾರದ್ದನ್ನು ನಾನು ಒಮ್ಮೆ ಹೇಳಿದ್ದೆ. ತಪ್ಪು ಅಲ್ಲಿಂದಲೇ ಶುರುವಾದದ್ದು.

ಮೈಸೂರಿನಲ್ಲಿ ಇತಿಹಾಸ ಎಂ.ಎ. ಮುಗಿಸಿ, ಕೆಲಸ ಸಿಗದೆ, ಎಪ್ಪತ್ತೆಂಟರಲ್ಲಿ ನಾನು ಊರಿಗೆ ಬಂದು ಕೂತಿದ್ದೆ. ಮಾತಾಡುವುದಕ್ಕಿಂತ ಸುಮ್ಮನಿರುವುದು ನನಗೆ ಹಿತ. ಊರಿನಲ್ಲಿ ಅದನ್ನು ಓದಿದ ಕೊಬ್ಬು ಅನ್ನುತ್ತಿದ್ದರು. ಕೆರೆಯ ತೂಬಿನ ಪಕ್ಕದಲ್ಲಿ ಅರ್ಧ ಹೂತಿದ್ದ ಶಾಸನವೊಂದನ್ನು ಬಗೆದು, ತೊಳೆದು, ಹದಿನೈದು ದಿನ ಅದರ ಮುಂದೆ ಕೂತು ಓದಿದೆ. ಆರು ಸಾಲು. ಸತ್ತವರ ಪಾದಕ್ಕೆ ಧೂಪದ ಎಣ್ಣೆ ಎರೆಯುವ ಮನೆಗೆ ಕೆರೆಯ ಕೆಳಗೆ ಇಷ್ಟು ಭೂಮಿ ಬಿಟ್ಟಿದ್ದೇವೆ, ಇದಕ್ಕೆ ಅಡ್ಡಿ ಮಾಡಿದವನು ಕವಿಲೆ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ, ಇಷ್ಟೇ ಅದರ ತಿರುಳು. ಅಕ್ಷರ ನೋಡಿದರೆ ಎಂಟುನೂರು ವರ್ಷದ್ದು. ಆ ಭೂಮಿ ಯಾವ ಕಾಲದಲ್ಲೋ ಯಾರ ಪಾಲಿಗೋ ಹೋಗಿದೆ. ಎಣ್ಣೆ ಎರೆಯುವುದು ಮಾತ್ರ ಆ ಮನೆಗೆ ಉಳಿದಿದೆ.

ಓಡಿ ಹೋಗಿ ಕೆಂಪಕ್ಕನಿಗೆ ಹೇಳಿದೆ. ಅವಳು ಮಡ್ಡಿಯ ಕಸ ಆರಿಸುತ್ತಿದ್ದಳು.

"ಕಲ್ಲಲ್ಲಿ ಬರ್ದವ್ರಾ?" ಅಂದಳು. "ಯಾಕಪ್ಪ, ಮರ್ತೋಯ್ತೀವಿ ಅಂತಾನಾ?"

ಅವಳಿಗೆ ಅಷ್ಟೇ ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ನಾನು ಓದಿದ ತಿಪಟೂರಿನ ಕಾಲೇಜಿನ ವಾರ್ಷಿಕ ಸಂಚಿಕೆಗೆ ಹನ್ನೆರಡು ಪುಟದ ಲೇಖನ ಬರೆದೆ. ಶಾಸನವನ್ನು ಬರೆದೆ, ಮಡ್ಡಿಯನ್ನು ಬರೆದೆ, 'ಮರದ ಕಣ್ಣೀರು, ಕೆಂಡದ ಉಸಿರು' ಅಂತ ಒಂದು ಸಾಲನ್ನೂ ಬರೆದೆ. ಟವೆಲ್ಲು, ಚಿಪ್ಪು, ಬಾಗಿಲು, ಮೌನ ಎಲ್ಲವನ್ನೂ ಒಂದೂ ಬಿಡದೆ ಬರೆದೆ. 'ಯಾರು ಬಂದು ನಿಂತರೂ ಆ ತಾಯಿ ಕೇಳದೆ ಕೊಡುತ್ತಾಳೆ' ಎಂಬುದು ಲೇಖನದ ಕೊನೆಯ ವಾಕ್ಯ. ಅದನ್ನು ಬರೆದಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು ಎಂಬುದು ಈಗ ನೆನಪಾದರೆ ಮೈ ಉರಿಯುತ್ತದೆ.

ಲೇಖನ ಅಚ್ಚಾದ ತಿಂಗಳಿಗೆ ಕಾಡಸಿದ್ದಪ್ಪ ಬಂದ. ಬಿ.ಎ.ಗೆ ನನ್ನ ಜೊತೆ ಓದಿದವನು. ತಿಪಟೂರಿನ ಪೇಟೆಯಲ್ಲಿ ಅವರಪ್ಪನ ಕೊಬ್ಬರಿ ಮಂಡಿಗೆ ಅಂಟಿಕೊಂಡಂತೆ ಊದುಬತ್ತಿ, ಸಾಂಬ್ರಾಣಿ, ಅತ್ತರು ಮಾರುವ ತನ್ನದೇ ಅಂಗಡಿ ಇಟ್ಟಿದ್ದ. ಹೊಸ ಮೋಟಾರ್ ಸೈಕಲ್ಲು. ನನ್ನನ್ನು ಹಿಂದೆ ಕೂರಿಸಿಕೊಂಡು ಕೆಂಪಕ್ಕನ ಮನೆಗೇ ಹೋದ. ಜಗಲಿಯ ಮೇಲೆ ಕೂತು ನಯವಾಗಿ ಮಾತಾಡಿದ.

"ಅವ್ವಾ, ಈ ಎಣ್ಣೆ ಹೊರ್ಗಡೆ ಜನಕ್ಕೂ ಗೊತ್ತಾಗ್ಬೇಕು. ನೀವು ಮಾಡ್ಕೊಡಿ ಸಾಕು, ಮಿಕ್ಕಿದ್ದೆಲ್ಲ ನಾನು ನೋಡ್ಕೊತೀನಿ."

"ಮಾರಾಕಿಲ್ಲ ಕಣಪ್ಪ ಇದನ್ನ."

"ಮಾರ್ಬೇಡಿ. ಕೊಡಿ. ಮಾರೋನು ನಾನು."

ಕೆಂಪಕ್ಕ ನಕ್ಕುಬಿಟ್ಟಳು. "ನಿಮ್ಮನೇಲಿ ಯಾರಾರಾ ಸತ್ರೆ ಚಿಪ್ಪು ತಗಂಡು ಬಾ. ಕೊಡ್ತೀನಿ. ಅಲ್ಲೀಗಂಟ ನಿಮ್ಮೋರೆಲ್ಲ ಚೆನ್ನಾಗಿರ್ಲಿ ಬುಡು."

ಅವನೂ ನಕ್ಕ. ಹೋಗುವಾಗ ನನ್ನ ಭುಜ ತಟ್ಟಿ, "ಒಳ್ಳೇ ಲೇಖನ ಕಣೋ ಬೆಟ್ಟಸ್ವಾಮಿ, ಎರಡು ಸಲ ಓದ್ದೆ" ಅಂದ. ಎರಡು ಸಲ ಓದಿದವರು ಬೇರೆ ಯಾರೂ ಇರಲಿಲ್ಲ. ನನಗೆ ಸಂತೋಷವೇ ಆಯಿತು.

ಆಮೇಲೆ ಆ ಒಂಬತ್ತು ಜನ ಬರತೊಡಗಿದರು.

ವರ್ಷಕ್ಕೆ ಹತ್ತು ಹನ್ನೆರಡು ಚಿಪ್ಪು ಹೋಗುವ ಮಡಕೆ ಅದು. ಊರವರ ಸಾವಾದರೆ ಮೊದಲೇ ಸುದ್ದಿ ತಿಳಿದಿರುತ್ತದೆ. ಆದರೆ ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳ ಮನೆಯಿಂದಲೂ ಜನ ಬರುವುದುಂಟು, ಗುರುತಿಲ್ಲದ ಮುಖ ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ನಾಲ್ಕನೆಯವನು ಬಂದುಹೋದ ದಿನ ಕೆಂಪಕ್ಕ ನಮ್ಮ ಮನೆಗೆ ಬಂದಳು. ನಮ್ಮಮ್ಮ ಸಿದ್ದಗಂಗಮ್ಮನ ಎದುರಿಗೆ ಕೂತು, "ಬೆಟ್ಟದಾಚೆ ಏನೋ ಆಗೈತೆ ಸಿದ್ದಗಂಗವ್ವ. ಜನ ಸಾಯ್ತಾವ್ರೆ. ಯಾರೂ ಹೇಳ್ತಿಲ್ಲ" ಅಂದಳು. ಹಸಿದ ಬಾಯಿಯಿಂದ ಮಾತು ಒಣಗಿ ಬರುತ್ತಿತ್ತು. ಕರುಳುಬೇನೆಯ ಜಾಡ್ಯ ಇರಬಹುದು ಅಂತ ನಾನು ತಿಳಿದವನ ಹಾಗೆ ಹೇಳಿದೆ. ಏಳನೆಯವನ ಹೊತ್ತಿಗೆ ಮಡಕೆ ತಳ ಕಂಡಿತು. ಮೊಣಕಾಲು ಬಾತ ಆ ಅರವತ್ತರ ಹೆಂಗಸು ಬಿಸಿಲಲ್ಲಿ ಬೆಟ್ಟದ ಬುಡಕ್ಕೆ ಹೋಗಿ, ಇನ್ನೂ ಸರಿಯಾಗಿ ಒಸರದ ಮಡ್ಡಿ ಕಿತ್ತು ತಂದಳು. ಹೊತ್ತಲ್ಲದ ಹೊತ್ತಿನಲ್ಲಿ ಗುಂಡಿಗೆ ಕೆಂಡ ಹಾಕಿ ಹೊಸ ಎಣ್ಣೆಗೆ ಹೊಗೆ ಕುಡಿಸಿದಳು. ಮುಂದೆ ಯಾರದೋ ಅಂಗಾಲು ಒಣಗಿ ಹೋಗಬಾರದು ಎಂಬ ಒಂದೇ ಭಯ ಅವಳಿಗೆ. ಎಂಟನೆಯವನಿಗೂ ಒಂಬತ್ತನೆಯವನಿಗೂ ಹಳೆಯ ಮಡಕೆಯ ತಳದ ಎಣ್ಣೆಯನ್ನು ಬಳಿದು ಕೊಟ್ಟಳು.

ನಿಜ ನನಗೆ ತಿಳಿದದ್ದು ಬಸ್ಸಿನಲ್ಲಿ.

ತಿಪಟೂರಿನಲ್ಲಿ ಒಂದು ಅರ್ಜಿ ಕೊಟ್ಟು ಚಿಕ್ಕನಾಯಕನಹಳ್ಳಿ ಬಸ್ಸು ಹತ್ತಿದ್ದೆ. ಬಸ್ಸು ಹೊರಟು ಗಾಳಿ ಆಡಿದ ಕೂಡಲೆ ಆ ವಾಸನೆ ಬಂತು. ತೆಳುವಾಗಿತ್ತು, ಅದರ ಜೊತೆ ಇನ್ನೇನೋ ಸಿಹಿ ಬೆರೆತಿತ್ತು, ಆದರೂ ಅದೇ. ಗದ್ದಲ ಮಾಡುತ್ತಿದ್ದ ಬಸ್ಸಿನ ಮುಂಭಾಗ ಸುಮ್ಮನಾಯಿತು. ನಮ್ಮ ಕಡೆಯ ಮುದುಕಿಯೊಬ್ಬಳು, ಶೆಟ್ಟಿಕೆರೆಯ ಭೈರಮ್ಮ, ಮುಂದಿನ ಸೀಟಿನಲ್ಲಿ ಕೂತಿದ್ದ ಹೊಸ ಸೀರೆಯ ಹುಡುಗಿಯ ಕೈ ಹಿಡಿದು ಮರುಕದಿಂದ ಕೇಳಿದಳು.

"ಯಾರು ತೀರ್ಕಂಡ್ರವ್ವಾ ನಿಮ್ಮನೇಲಿ?"

ಹುಡುಗಿ ಕೈ ಕಿತ್ತುಕೊಂಡಳು. ಪಕ್ಕದಲ್ಲಿದ್ದ ಅವಳ ಅತ್ತೆ ಸಿಡಿದೆದ್ದಳು. "ಏನ್ ಬಾಯಿ ನಿಂದು? ಮದ್ವೆಯಾಗಿ ನಾಕ್ ದಿನ ಆಗಿಲ್ಲ ನಮ್ ಸೊಸೆಗೆ!"

"ಮತ್ತೆ ಹೆಣದೆಣ್ಣೆ ಯಾಕೆ ಬಳ್ಕಂಡಾಳೆ?"

"ಹೆಣದೆಣ್ಣೆಯಂತೆ! ಕಣ್ಬುಟ್ಟು ನೋಡು, ರಾಣೀರು ಹಚ್ಕತಿದ್ದ ಅತ್ತರು. ಪೇಟೇಲಿ ತಂದಿದ್ದು."

ಹುಡುಗಿ ಚೀಲದಿಂದ ಹೆಬ್ಬೆರಳಿನಷ್ಟು ಸೀಸೆ ತೆಗೆದು ತೋರಿಸಿದಳು. ನಾನು ಕೈ ಚಾಚಿ ಇಸಿದುಕೊಂಡೆ. ಕಿರೀಟ ಇಟ್ಟ ಹೆಂಗಸಿನ ಚಿತ್ರ. 'ರಾಜಮಹಿಷಿ. ಎಂಟು ಶತಮಾನಗಳ ಹಿಂದೆ ರಾಣಿವಾಸದಲ್ಲಿ ಹುಟ್ಟಿದ ಸುಗಂಧ. ಮರದ ಕಣ್ಣೀರು, ಕೆಂಡದ ಉಸಿರು.' ಅದರ ಕೆಳಗೆ ಇರುವೆಯಂಥ ಅಕ್ಷರದಲ್ಲಿ 'ಸಂಶೋಧನೆ: ಬೆಟ್ಟಸ್ವಾಮಿ, ಎಂ.ಎ.'

ಸುಳ್ಳು ಹೇಳುವುದಿಲ್ಲ. ನನ್ನ ಹೆಸರನ್ನು ಅಚ್ಚಿನಲ್ಲಿ ಕಂಡು ಒಂದು ಗಳಿಗೆ ಎದೆ ಉಬ್ಬಿತು. ಆ ಒಂದು ಗಳಿಗೆಗಾಗಿ ನನ್ನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಮರುಗಳಿಗೆಯಲ್ಲಿ ಒಂಬತ್ತು ಚಿಪ್ಪುಗಳು ಕಣ್ಣ ಮುಂದೆ ಸಾಲಾಗಿ ನಿಂತವು. ಬಸ್ಸು ನಿಲ್ಲಿಸಿ ಇಳಿದು, ಬಿಸಿಲಲ್ಲಿ ತಿಪಟೂರಿಗೆ ವಾಪಸ್ಸು ನಡೆದೆ.

ಕಾಡಸಿದ್ದಪ್ಪ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ. ನನ್ನನ್ನು ಕಂಡು ಎದ್ದ. "ಬನ್ನಿ ಬನ್ನಿ ಸಂಶೋಧಕರೇ! ಲೇ, ಯಾರಾದ್ರೂ ಎರಡು ಸೋಡಾ ತರ್ರೋ."

"ಒಂಬತ್ತು ಜನಾನೂ ನೀನೇ ಕಳ್ಸಿದ್ದಾ?"

ಅವನು ಮುಚ್ಚಿಡಲೂ ಇಲ್ಲ. "ನಮ್ಮ ಮಂಡಿ ಆಳುಗಳು. ಒಬ್ಬ ಹೋದೋನು ಇನ್ನೊಂದ್ ಸಲ ಹೋಗಿಲ್ಲ, ಅಷ್ಟು ಜಾಗ್ರತೆ ಮಾಡಿದೀನಿ. ಒಂದು ಚಿಪ್ಪು ಎಣ್ಣೆಗೆ ನಮ್ ಬೇರೆ ಎಣ್ಣೆ ಸೇರ್ಸಿದ್ರೆ ಮುನ್ನೂರು ಸೀಸೆ ಆಗುತ್ತೆ ಗೊತ್ತಾ? ಅಂಥಾ ಗಾಢ! ಆ ಮುದುಕಿ ಕೈಯಲ್ಲಿ ಏನೋ ಇದೆ ಕಣೋ."

"ಕದ್ದೆ ನೀನು."

"ನಾನೆಲ್ಲಿ ಕದ್ದೆ? ನಿಂತ್ಕೊಂಡ್ರು, ಕೊಟ್ಳು. ನೀನೇ ಬರ್ದಿದೀಯಲ್ಲಪ್ಪ, ಯಾರು ಬಂದು ನಿಂತರೂ ಕೇಳದೆ ಕೊಡುತ್ತಾಳೆ ಅಂತ. ನಮ್ಮೋರು ಒಂದು ಸುಳ್ಳಾದ್ರೂ ಹೇಳಿದ್ರಾ? ಬಾಯೇ ಬಿಟ್ಟಿಲ್ಲ!"

"ಅವಳು ಒಂಬತ್ತು ದಿನ ಉಪವಾಸ ಇದ್ಳು."

"ಅದು ಅವಳ ಇಷ್ಟ." ಅವನು ಸೀಸೆಗಳನ್ನು ಸಾಲಾಗಿ ಜೋಡಿಸುತ್ತಾ ನಕ್ಕ. "ಒಬ್ಬನಂತೂ ಅಲ್ಲಿ ಅತ್ತೇ ಬಿಟ್ಟನಂತೆ ಕಣೋ. ನಾಟಕದ ಕಂಪನಿಗೆ ಸೇರಿಸ್ಬೋದು. ನಿನ್ನ ಹೆಸರು ಹಾಕ್ಸಿದೀನಿ, ನೋಡಿದ್ಯಾ? ನಿನ್ನ ಮರೀಲಿಲ್ಲ ನಾನು."

"ರಾಣಿ ಎಲ್ಲಿಂದ ಬಂದ್ಳು? ಶಾಸನದಲ್ಲಿ ರಾಣಿ ಇಲ್ಲ. ಸತ್ತೋರ ಪಾದ ಅಂತ ಇದೆ."

"ಸತ್ತೋರ ಪಾದ ಅಂದ್ರೆ ಯಾರು ಕೊಳ್ತಾರೆ? ಇತಿಹಾಸ ಅಂದ್ಮೇಲೆ ಒಬ್ಳು ರಾಣಿ ಇರ್ಲೇಬೇಕು ಕಣೋ."

ನನ್ನ ಮುಂದೆ ಗಾಜಿನ ಬೀರುವಿನ ತುಂಬ ಸೀಸೆಗಳಿದ್ದವು. ಎಲ್ಲವನ್ನೂ ನೆಲಕ್ಕೆ ಚೆಲ್ಲಬಹುದಿತ್ತು. ಅವನ ಮುಖಕ್ಕೆ ಹೊಡೆಯಬಹುದಿತ್ತು. ಕೈಯಲ್ಲಿದ್ದ ಸೀಸೆಯನ್ನು ಹುಷಾರಾಗಿ, ಸದ್ದಾಗದಂತೆ, ಗಲ್ಲಾಪೆಟ್ಟಿಗೆಯ ಮೇಲಿಟ್ಟು ಹೊರಗೆ ಬಂದೆ. ನನಗೆ ಬಂದ ಸಿಟ್ಟಿಗೆ ನನ್ನ ಕೈಗಳು ತಯಾರಾಗಿರಲಿಲ್ಲ. ಇಪ್ಪತ್ತಾರು ವರ್ಷ ಸುಮ್ಮನಿದ್ದು ಸುಮ್ಮನಿದ್ದು ಅವು ಒಳ್ಳೆಯ ಕೈಗಳಾಗಿಬಿಟ್ಟಿದ್ದವು. ಆ ಸೀಸೆ ಹುಡುಗಿಯದು, ಹಿಂದಕ್ಕೆ ಕೊಡದೆ ತಂದುಬಿಟ್ಟಿದ್ದೆ ಎಂಬುದು ಹೊಳೆದದ್ದು ಬಸ್ ಸ್ಟ್ಯಾಂಡಿನಲ್ಲಿ.

ಊರಿಗೆ ಬಂದಾಗ ಸಂಜೆ. ಕೆಂಪಕ್ಕ ಹಿತ್ತಿಲಲ್ಲಿ ಬೂದಿಯ ಗುಂಡಿಯ ಮುಂದೆ ಕೂತು ಹೊಸ ಮಡಕೆಯ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದಳು. ನಾನು ನಿಂತೇ ಎಲ್ಲವನ್ನೂ ಹೇಳಿದೆ. ನನ್ನ ಲೇಖನದ ಕೊನೆಯ ವಾಕ್ಯವನ್ನೂ ಹೇಳಿದೆ. ಅವಳು ದಾರದ ಗಂಟು ಹಾಕಿ ಮುಗಿಸುವವರೆಗೆ ತಲೆ ಎತ್ತಲಿಲ್ಲ.

"ಒಂಬತ್ತು ಜನದ ಮನೇಲೂ ಯಾರೂ ಸತ್ತಿಲ್ವಾ?"

"ಇಲ್ಲ ಕೆಂಪಕ್ಕ. ಎಲ್ಲ ಬದುಕಿದಾರೆ."

"ಬದ್ಕವ್ರೆ ಅಂದ್ರೆ ಸಂತೋಷ ಪಡ್ಬೇಕು." ಬೂದಿಯನ್ನು ಮಡಕೆಯ ಸುತ್ತ ಕೈಯಿಂದ ತಳ್ಳಿದಳು. "ಬರ್ತಾ ಇಲ್ಲ ಕಣಪ್ಪ ಸಂತೋಷ."

ಮತ್ತೆ ಕೇಳಿದಳು. "ಅದ್ರಾಗೆ ಒಬ್ಬ ಅತ್ತಿದ್ದ. ಅವನೂವೆ?"

"ಅವನೂ."

"ಅವನಿಗೋಸ್ಕರ ರಾತ್ರೆಲ್ಲ ಎದ್ದಿದ್ದೆ. ಯಾರಿಗೆ ಏನಾಯ್ತೋ, ಇಷ್ಟ್ ಚಿಕ್ಕೋನು, ಹೆಂಡ್ರೋ ಮಗೀನೋ ಅಂತ." ಅವಳ ದನಿ ಏರಲಿಲ್ಲ. ಬೂದಿ ತಳ್ಳುವ ಕೈ ಮಾತ್ರ ಒರಟಾಯಿತು. "ಅಳೋದಕ್ಕೂ ಆಳು ಇಟ್ಟವ್ನಾ? ಸಾವು ಅಂದ್ರೆ ಏನಂದ್ಕಂಡವ್ನೆ ಅವ್ನು? ಅವ್ರಪ್ಪನ ಮಂಡೀನಾ?"

"ಪೊಲೀಸಿಗೆ ಬರೀತೀನಿ."

"ಬರಿ. ನೀನು ಬರ್ಯೋನು." ಅದು ಬೈಗುಳವೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ಗೊತ್ತಾಗದಿದ್ದದ್ದೇ ಹೆಚ್ಚು ಚುಚ್ಚಿತು. ಅವಳು ಮೊಣಕಾಲಿಗೆ ಕೈ ಊರಿ ಎದ್ದಳು. "ಪೊಲೀಸು ಗಿಲೀಸು ನಂಗೆ ಬ್ಯಾಡ. ಒಂದು ಹೇಳು. ನಾಳೆ ಬಾಗ್ಲಿಗೆ ಒಬ್ಬ ಬಂದು ನಿಂತ್ಕಂಡ್ರೆ ಕೇಳ್ಬೇಕಾ, ಬ್ಯಾಡ್ವಾ? ಕೇಳ್ದಿದ್ರೆ ಕಳ್ಳಂಗೂ ಕೊಡ್ತೀನಿ. ಕೇಳಿದ್ರೆ… ಹೆಣ ಮನೇಲಿಟ್ಟು ಬಂದೋನ್ನ ಏನಂತ ಕೇಳ್ಲಿ?"

"ಕೇಳ್ಬೇಕು" ಅಂದೆ. ಯೋಚಿಸಲೇ ಇಲ್ಲ. ನನ್ನೊಳಗೆ ತಿಪಟೂರಿನ ಅಂಗಡಿ ಉರಿಯುತ್ತಿತ್ತು.

"ನನ್ ಬಾಯಲ್ಲಿ ಬರಾಕಿಲ್ಲ."

"ನಾನು ಕೇಳ್ತೀನಿ. ನಾನೇ ನಿಮ್ಮ ಜಗ್ಲಿ ಮೇಲೆ ಕೂತಿರ್ತೀನಿ."

ಅವಳು ಹೂಂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಒಳಗೆ ಹೋದಳು. ಅವಳು ಸುಮ್ಮನಾದದ್ದನ್ನು ನಾನು ಒಪ್ಪಿಗೆ ಅಂತ ಓದಿಕೊಂಡೆ. ಕಲ್ಲಿನ ಅಕ್ಷರ ಓದಬಲ್ಲೆ ಎಂಬ ಅಹಂಕಾರ ಇದ್ದವನಿಗೆ ಇದೂ ಓದಲು ಬರುತ್ತದೆ ಅನ್ನಿಸಿತ್ತು.

ಪೊಲೀಸರಿಗೆ ಬರೆಯಲು ಕೂತೆ. ಕಳವಾದದ್ದು ಏನು ಎಂಬಲ್ಲಿಗೆ ಪೆನ್ನು ನಿಂತಿತು. ಎಣ್ಣೆ ಎಂದು ಬರೆದರೆ ಕೊಟ್ಟವರು ಯಾರು ಎಂಬ ಪ್ರಶ್ನೆ ಬರುತ್ತದೆ. ಒಂಬತ್ತು ದಿನದ ಉಪವಾಸ ಎಂದು ಬರೆಯುವುದಕ್ಕೆ ಅರ್ಜಿಯಲ್ಲಿ ಜಾಗವಿಲ್ಲ. ಅವಳು ಯಾರಿಗೋ ಸುರಿಸಿದ ಕಣ್ಣೀರು ಎಂದು ಬರೆದರೆ ಅದು ಇನ್ನೊಂದು ಲೇಖನ. ಹಾಳೆಯನ್ನು ಹರಿದೆ. ಸಿಟ್ಟು ಮಾತ್ರ ಹಾಗೇ ಉಳಿಯಿತು. ಅದಕ್ಕೆ ಹೋಗಲು ಬೇರೆ ಜಾಗವೇ ಇಲ್ಲವೆಂಬಂತೆ ಅದನ್ನು ಹೊತ್ತು ಕೆಂಪಕ್ಕನ ಜಗಲಿಗೆ ಹೋದೆ.

ಹದಿನೆಂಟು ದಿನ ಕೂತೆ. ಬೆಳಿಗ್ಗೆ ಹೋದರೆ ಕತ್ತಲಾಗುವ ತನಕ. ತೆಂಗಿನಕಾಯಿ ಸುಲಿಯುವ ಗಿಡ್ಡಯ್ಯ ದಿನಾ ಆ ದಾರಿಯಲ್ಲಿ ಹೋಗುವವನು, ಮೂರನೆಯ ದಿನ ನಿಂತ.

"ಏನ್ ಬೆಟ್ಟಸ್ವಾಮಣ್ಣ, ಸಾವಿಗೆ ಚೆಕ್‌ಪೋಸ್ಟಾ? ನಾನ್ ಸತ್ರೆ ಪಾಸು ಈಗ್ಲೇ ಬರ್ಸ್ಕಂಡೋಗ್ಬೇಕಾ ಹೆಂಗೆ?"

"ಹೋಗು ಗಿಡ್ಡಯ್ಯ."

"ಓಯ್ತೀನಪ್ಪ. ತಿಳ್ಕಂಡೋರು ಕೇಳೋದು ಒಳ್ಳೇದೆಯ. ನಮ್ ತಾತನ ಕಾಲ್ದಿಂದ ಯಾವನೂ ಕೇಳಿರ್ಲಿಲ್ಲ, ಅದ್ಕೇ ಎಲ್ರೂ ಹಂಗಂಗೇ ಸತ್ತೋದ್ರು."

ಸುತ್ತ ಇದ್ದವರು ನಕ್ಕರು. ನನಗೆ ಅವರ ಮೇಲೂ ಸಿಟ್ಟು ಬಂತು. ಕಳ್ಳ ಮನೆಗೆ ನುಗ್ಗಿ ಹೋದಮೇಲೂ ನಗುತ್ತಾರಲ್ಲ ಅಂತ. ಒಳಗೆ ಕೆಂಪಕ್ಕ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆ ಹದಿನೆಂಟು ದಿನದಲ್ಲಿ ಅವಳು ನನ್ನ ಜೊತೆ ಹತ್ತು ಮಾತು ಆಡಿರಲಿಲ್ಲ. ಮಧ್ಯಾಹ್ನ ಒಂದು ಲೋಟ ಮಜ್ಜಿಗೆ ಇಟ್ಟು ಹೋಗುತ್ತಿದ್ದಳು.

ಹತ್ತೊಂಬತ್ತನೆಯ ದಿನ ಹೊತ್ತು ಎರಡಾಳುದ್ದ ಮೇಲೆ ಬಂದಿರುವಾಗ ಅವನು ಬಂದ. ನಲವತ್ತರ ಆಸುಪಾಸು. ಮೊಣಕಾಲಿನ ತನಕ ಕೆಂಪು ಮಣ್ಣು. ತಲೆಯ ಮೇಲೆ ಟವೆಲ್ಲು, ಕೈಯಲ್ಲಿ ಚಿಪ್ಪು. ನನ್ನನ್ನು ದಾಟಿ ಹೊಸಿಲ ಮುಂದೆ ಹೋಗಿ ನಿಂತ. ನನ್ನನ್ನು ನೋಡಲೂ ಇಲ್ಲ.

ನಾನು ಎದ್ದು ಅಡ್ಡ ನಿಂತೆ. "ಯಾವೂರು?"

ಅವನು ತಲೆ ಎತ್ತಿದ. ಏನು ಕೇಳಿದೆ ಎಂಬುದು ಅವನಿಗೆ ಹತ್ತಲಿಲ್ಲ.

"ಯಾವೂರು ನಿಮ್ದು? ಯಾರು ತೀರ್ಕೊಂಡಿದ್ದು? ಹೇಳಿ. ಈಗ ಹಂಗೆಲ್ಲ ಸುಮ್ನೆ ಕೊಡೋದಿಲ್ಲ."

ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ, ಅಲ್ಲಿ ಹಾವು ಆಡುತ್ತಿದೆಯೇನೋ ಎಂಬಂತೆ. ತುಟಿ ಅಂಟಿಕೊಂಡಿತ್ತು. ಕೈಯಲ್ಲಿದ್ದ ಚಿಪ್ಪಿನ ಒಳಗೆ ಬಿಳಿಯ ಕಾಯಿ ಇನ್ನೂ ತುಣುಕು ತುಣುಕಾಗಿ ಅಂಟಿತ್ತು. ಆಗತಾನೆ ಒಡೆದು, ಕಾಯಿಯನ್ನು ಕಿತ್ತೆಸೆದು, ಸಿಕ್ಕಿದ್ದನ್ನು ಹಿಡಿದು ಓಡಿಬಂದ ಚಿಪ್ಪು. ಅದು ನನ್ನ ಕಣ್ಣಿಗೆ ಬಿತ್ತು. ಬಿದ್ದರೂ ನಾನು ನಿಲ್ಲಲಿಲ್ಲ. ಹತ್ತೊಂಬತ್ತು ದಿನದಿಂದ ಕಟ್ಟಿಕೊಂಡು ಕೂತ ಪ್ರಶ್ನೆ ಅದು.

"ಕಾಡಸಿದ್ದಪ್ಪ ಕಳಿಸಿದ್ನಾ? ನಿಜ ಹೇಳು!" ಅಂದೆ. ನನ್ನ ದನಿ ಬೀದಿಗೆ ಕೇಳುವಷ್ಟು ಎದ್ದಿತ್ತು. 'ನೀವು' ಹೋಗಿ 'ನೀನು' ಆಗಿತ್ತು.

"ಹಂದನಕೆರೆ…" ಅಂದ ಅವನು. "ನಮ್ಮ ಹುಡ್ಗಿ…" ಅಂದು ನಿಂತ. ಮುಂದೆ ಹೆಸರು ಇತ್ತು. ಅದು ಬಾಯಿಗೆ ಬಂದು, ಅವನು ಹಲ್ಲು ಕಚ್ಚಿ ಅದನ್ನು ಒಳಗೆ ತಳ್ಳಿದ್ದು ನನಗೆ ಕಂಡಿತು.

"ಮಾತಾಡಿಸ್ಬುಟ್ರಲ್ಲ ಸ್ವಾಮಿ" ಅಂದ.

ಬಗ್ಗಿ ಚಿಪ್ಪನ್ನು ಹೊಸಿಲ ಮೇಲೆ ಬೋರಲು ಹಾಕಿದ. ನಾನು ಏನೋ ಅಂದೆ, ತಪ್ಪಾಯ್ತು ಅಂದಿರಬೇಕು. ಅವನು ಟವೆಲ್ಲನ್ನು ತಲೆಯಿಂದ ಎಳೆದು ಹೆಗಲಿಗೆ ಹಾಕಿಕೊಂಡ.

"ಮಾತಾಡಿ ಈಸ್ಕಂಡೋಗೋದಾಗಿದ್ರೆ ಅಂಗ್ಡಿಗೇ ಹೋಯ್ತಿದ್ದೆ."

ನಡೆದುಬಿಟ್ಟ. ಓಡಲಿಲ್ಲ. ಬಂದ ಆತುರ ಹೋಗುವಾಗ ಇರಲಿಲ್ಲ.

ತಿರುಗಿದರೆ ಕೆಂಪಕ್ಕ ಬಾಗಿಲಲ್ಲಿ ನಿಂತಿದ್ದಳು. ಬೋರಲು ಬಿದ್ದ ಚಿಪ್ಪನ್ನು ನೋಡಿದಳು, ಬೀದಿಯ ತುದಿಯನ್ನು ನೋಡಿದಳು, ನನ್ನನ್ನು ನೋಡಲಿಲ್ಲ. ಒಳಗೆ ಹೋಗಿ ಒಂದು ಚಿಕ್ಕ ಮಡಕೆಯಲ್ಲಿ ಎಣ್ಣೆ ತುಂಬಿ, ಸೆರಗಿನಲ್ಲಿ ಮುಚ್ಚಿಕೊಂಡು, ಕಾಲಿಗೆ ಮೆಟ್ಟೂ ಇಲ್ಲದೆ ಅವನ ಹಿಂದೆ ಹೊರಟಳು. "ನಾನು ತಗೊಂಡು ಹೋಗ್ತೀನಿ, ಸೈಕಲ್ಲಿದೆ" ಅಂತ ಹಿಂದೆಯೇ ಓಡಿದೆ. ಅವಳು ನಿಂತು ಕೈ ಅಡ್ಡ ಚಾಚಿದಳು. ಅಷ್ಟೇ. ನಾನು ಅಲ್ಲೇ ನಿಂತೆ. ಮುಂದೆ ಅವನು, ಹಿಂದೆ ಕುಂಟುತ್ತಾ ಅವಳು, ನಡುವೆ ಒಂದು ಕೂಗಳತೆ. ತೋಟದ ಸಾಲಿನಲ್ಲಿ ಇಬ್ಬರೂ ಮರೆಯಾದರು. ಅವನು ಒಮ್ಮೆಯೂ ತಿರುಗಿ ನೋಡಲಿಲ್ಲ, ಅವಳು ಒಮ್ಮೆಯೂ ಕೂಗಲಿಲ್ಲ.

ನಾಲ್ಕು ಗಂಟೆಯ ಬಿಸಿಲಿಗೆ ವಾಪಸ್ಸು ಬಂದಳು. ಪಾದದ ಅಂಚು ಒಡೆದು ರಕ್ತ ಮಣ್ಣಿನೊಂದಿಗೆ ಒಣಗಿತ್ತು. ಕೈಯಲ್ಲಿ ಮಡಕೆ ಇರಲಿಲ್ಲ. ನಾನು ಇನ್ನೂ ಜಗಲಿಯ ಮೇಲೆಯೇ ಇದ್ದೆ. ಎದ್ದು ಹೋಗಲು ಮುಖ ಇರಲಿಲ್ಲ.

"ತಗೊಂಡ್ನಾ?"

"ಅವ್ರ ಬಾಗ್ಲಲ್ಲಿ ಇಟ್ಬುಟ್ ಬಂದೆ. ತಗಂಡ್ರೋ ಬುಟ್ರೋ."

"ಯಾರಂತೆ ಕೆಂಪಕ್ಕ? ಹುಡುಗಿ ಅಂದನಲ್ಲ, ಮಗಳಾ?"

ಮತ್ತೆ ಕೇಳಿಬಿಟ್ಟೆ ಎಂಬುದು ಬಾಯಿಂದ ಬಂದ ಮೇಲೆ ನನಗೆ ಗೊತ್ತಾಯಿತು. ಆಗ ಅವಳಿಗೆ ಬಂದಂಥ ಸಿಟ್ಟನ್ನು ನಾನು ಎಂದೂ ಕಂಡಿರಲಿಲ್ಲ. ಒಂಬತ್ತು ಜನ ಮೋಸ ಮಾಡಿದರು ಅಂದಾಗಲೂ ಕಂಡಿರಲಿಲ್ಲ.

"ಇನ್ನೂ ಕೇಳ್ತೀಯಾ?" ಅಂದಳು. "ನಾಚ್ಕೆ ಆಗಾಕಿಲ್ವಾ ನಿಂಗೆ? ಆ ಅಂಗ್ಡಿಯೋನು ಕಳ್ಳ ಕಣ್ಲಾ, ಎಣ್ಣೆ ತಗಂಡೋದ. ನೀನು? ಮನೇಲಿ ಹೆಣ ಇಟ್ಕಂಡ್ ಬಂದೋನ ಬಾಯಿಗೆ ಕೈ ಹಾಕ್ದೆ. ಅವ್ನಿಗಿಂತ ನೀನೇನ್ ಹೆಚ್ಚು?"

"ಕಳ್ಳರು ಮತ್ತೆ ಬಂದ್ರೆ ಅಂತ…"

"ಬರ್ಲಿ! ಹತ್ತಲ್ಲ, ನೂರು ಜನ ಬರ್ಲಿ. ಹೊಟ್ಟೆ ತುಂಬ ಕುಡ್ಕಂಡ್ ಹೋಗ್ಲಿ. ನೂರ್ ಕಳ್ರಿಗೆ ಕೊಟ್ರೂ ನಂಗೆ ಬೇಜಾರಿಲ್ಲ. ಒಬ್ಬ ಬರಿಗೈಲಿ ಹೋದ್ನಲ್ಲೋ, ನನ್ ಬಾಗ್ಲಿಂದ! ನಮ್ಮತ್ತೆ, ಅವ್ರತ್ತೆ, ಕಲ್ಲಲ್ಲಿ ಬರ್ದವ್ರೆ ಅಂದ್ಯಲ್ಲ ಅವ್ಳು, ಒಬ್ಳ ಕಾಲ್ದಲ್ಲೂ ಹಿಂಗಾಗಿರ್ಲಿಲ್ಲ." ಉಸಿರು ಕಟ್ಟಿ ಗೋಡೆ ಹಿಡಿದುಕೊಂಡಳು. ನಾನು ಕೈ ನೀಡಿದೆ. 

"ಎದ್ದೋಗು. ನನ್ ಜಗ್ಲಿ ಬುಟ್ಟು ಎದ್ದೋಗು."

ಇಳಿದೆ. ಬೀದಿಯಲ್ಲಿ ಗಿಡ್ಡಯ್ಯ, ಇನ್ನೂ ನಾಲ್ಕಾರು ಜನ ನಿಂತಿದ್ದರು. ಯಾರೂ ತಮಾಷೆ ಮಾಡಲಿಲ್ಲ, ದಾರಿ ಬಿಟ್ಟರು. ಮನೆಗೆ ಬಂದರೆ ಅಮ್ಮ ತಟ್ಟೆ ಇಟ್ಟಳು. ಸುದ್ದಿ ಅವಳಿಗೂ ಮುಟ್ಟಿತ್ತು. ಅನ್ನ ಬಡಿಸಿ ಒಳಗೆ ಹೋದಳು. ಆ ತಟ್ಟೆಯ ಮುಂದೆ ಕೂತು, ಕಾಡಸಿದ್ದಪ್ಪನನ್ನು ಬೈಯಲು ನೋಡಿದೆ. ಬೈಗುಳ ಬಂತು, ಆದರೆ ಅದು ಅವನವರೆಗೆ ಹೋಗದೆ ನನ್ನಲ್ಲೇ ತಿರುಗಿ ಬೀಳುತ್ತಿತ್ತು.

ಮರುದಿನ ಬೆಳಿಗ್ಗೆ ನೋಡಿದೆ. ಕೆಂಪಕ್ಕ ಹಿತ್ತಿಲ ಬೂದಿಯಲ್ಲಿ ಹೂತಿಟ್ಟಿದ್ದ ಹೊಸ ಮಡಕೆಯನ್ನು ಜಗಲಿಗೆ ತಂದಿಟ್ಟಿದ್ದಳು, ನಾನು ಕೂರುತ್ತಿದ್ದ ಜಾಗದಲ್ಲೇ. ಹೊಸ ಎಣ್ಣೆ, ಇನ್ನೂ ಬಣ್ಣ ಏರಿರಲಿಲ್ಲ. ಬಾಯಿಗೆ ಬಟ್ಟೆ ಇರಲಿಲ್ಲ. ಪಕ್ಕದಲ್ಲಿ ಒಂದು ಸೌಟು. ಕೊಡುವವರು ಯಾರೂ ಇಲ್ಲ, ಯಾರು ಬೇಕಾದರೂ ಬಗ್ಗಿ ತುಂಬಿಕೊಂಡು ಹೋಗಬಹುದು. ಅವಳು ಬಾಗಿಲು ಹಾಕಿಕೊಂಡು ಒಳಗಿದ್ದಳು. ಮಾಡಿನಿಂದ ಹೊಗೆ ಏಳುತ್ತಿರಲಿಲ್ಲ.

ಹೊತ್ತು ಏರಿದ ಮೇಲೆ ತಿಪಟೂರು ಕಡೆಯಿಂದ ಒಬ್ಬ ಬಂದ. ಟವೆಲ್ಲು ಹೊದ್ದಿದ್ದ, ಚಿಪ್ಪು ಒಣಗಿ ನುಣುಪಾಗಿತ್ತು. ನಾನು ಬೀದಿಯ ಈಚೆ ನಮ್ಮ ಮನೆಯ ಕಲ್ಲಿನ ಮೇಲೆ ಕೂತಿದ್ದೆ. ಅವನು ಮಡಕೆಯನ್ನು ನೋಡಿದ, ಮುಚ್ಚಿದ ಬಾಗಿಲನ್ನು ನೋಡಿದ. ಕೊಡುವ ಕೈಗಾಗಿ ಬಹಳ ಹೊತ್ತು ನಿಂತ. ಸೌಟಿಗೆ ಕೈ ಹಾಕಿ ತೆಗೆದ, ಮತ್ತೆ ಹಾಕಿದ. ಕೊನೆಗೆ ತುಂಬಿಕೊಂಡು, ನನ್ನ ಮುಂದೆಯೇ ಹಾದುಹೋದ. ಚಿಪ್ಪಿನಿಂದ ದಾರಿಯುದ್ದಕ್ಕೂ ಎಣ್ಣೆ ಹನಿಯುತ್ತಿತ್ತು.

ನಾನು ಕೂತೇ ಇದ್ದೆ. ಬಾಯಿ ತುಂಬ ಪ್ರಶ್ನೆ ಇತ್ತು. ಹಲ್ಲು ಕಚ್ಚಿ ಕೂತಿದ್ದೆ.